ಕಾರ್ಡ್ ಹೋಯಿತೇ, ಫೈಲ್ ಸಿಸ್ಟಮ್ ಕೆಟ್ಟಿತೇ? ಮೆಮೊರಿ ಕಾರ್ಡ್, ಪೆನ್‌ಡ್ರೈವ್, ಎಸ್‌ಎಸ್‌ಡಿ ದೋಷ ನಿವಾರಣೆ

ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್‌ಗಳ ಕ್ಯಾಮೆರಾ, ಸಂಡೂರಿನ ಅದಿರು ಲಾರಿಯ ಡ್ಯಾಶ್‌ಕ್ಯಾಮ್, ಬಳ್ಳಾರಿಯ ಜೀನ್ಸ್ ಘಟಕದ ಬಿಲ್ಲಿಂಗ್ ಕಂಪ್ಯೂಟರ್, ಮದುವೆ ಸೀಸನ್‌ನಲ್ಲಿ ಓಡಾಡುವ ಫೋಟೋಗ್ರಾಫರ್ ಚೀಲ. ಎಲ್ಲದರೊಳಗೂ ಇರುವುದು ಫ್ಲ್ಯಾಶ್ ಮೆಮೊರಿಯೇ. ಕೈಕೊಟ್ಟಾಗ ಎಲ್ಲರ ಬಾಯಲ್ಲೂ ಬರುವ ಮಾತು "ಕಾರ್ಡ್ ಹೋಯ್ತು". ಆದರೆ ಆ ಒಂದು ಮಾತಿನ ಹಿಂದೆ ಮೂರು ಬೇರೆ ಬೇರೆ ದೋಷಗಳಿರುತ್ತವೆ. ಒಂದು, ಸಂಪರ್ಕ ಅಥವಾ ಕರೆಂಟಿನ ತೊಂದರೆ. ಎರಡು, ಫೈಲ್ ಸಿಸ್ಟಮ್, ಅಂದರೆ ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕದ ಪುಸ್ತಕ ಹಾಳಾಗಿರುವುದು. ಮೂರು, ಫ್ಲ್ಯಾಶ್ ಚಿಪ್ ಬರೆದೂ ಬರೆದೂ ಸವೆದಿರುವುದು. ಮೊದಲನೆಯದಕ್ಕೆ ಖರ್ಚಿಲ್ಲ. ಎರಡನೆಯದು ತಾಳ್ಮೆಯಿದ್ದರೆ ಬಹುಪಾಲು ಸರಿಹೋಗುತ್ತದೆ. ಮೂರನೆಯದಕ್ಕೆ ಹೊಸದು ಕೊಳ್ಳುವುದೊಂದೇ ದಾರಿ. ಎರಡನೆಯದನ್ನು ಮೂರನೆಯದೆಂದು ತಿಳಿದು ಒಳ್ಳೆಯ ಕಾರ್ಡನ್ನು ಎಸೆಯುವವರಿದ್ದಾರೆ. ಮೂರನೆಯದನ್ನು ಎರಡನೆಯದೆಂದು ತಿಳಿದು ಸತ್ತ ಕಾರ್ಡನ್ನು ಮತ್ತೆ ಮತ್ತೆ ಫಾರ್ಮ್ಯಾಟ್ ಮಾಡಿ, ಉಳಿದ ಡೇಟಾವನ್ನೂ ಕಳೆದುಕೊಳ್ಳುವವರು ಇನ್ನೂ ಹೆಚ್ಚು.

ಪರೀಕ್ಷೆಗೆ ಮೊದಲು ತಿಳಿದಿರಬೇಕಾದದ್ದು

ಫ್ಲ್ಯಾಶ್ ಚಿಪ್‌ನಲ್ಲಿ ಬರೆಯುವುದು ಪುಟ ಲೆಕ್ಕದಲ್ಲಿ, ಒಂದು ಪುಟ ಸಾಮಾನ್ಯವಾಗಿ 4ರಿಂದ 16 ಕೆಬಿ. ಅಳಿಸುವುದು ಮಾತ್ರ ಬ್ಲಾಕ್ ಲೆಕ್ಕದಲ್ಲಿ, ಒಂದು ಬ್ಲಾಕ್ ಹಲವು ಎಂಬಿ ಇರಬಹುದು. ಬರೆದ ಪುಟದ ಮೇಲೆ ನೇರವಾಗಿ ಮತ್ತೆ ಬರೆಯಲು ಬರುವುದಿಲ್ಲ. ಲೋಡ್ ಆದ ಲಾರಿಯ ಅಡಿಯಲ್ಲಿರುವ ಒಂದು ಅಕ್ಕಿ ಚೀಲ ಬದಲಿಸಬೇಕೆಂದರೆ ಮೇಲಿನವನ್ನೆಲ್ಲ ಇಳಿಸಿ ಬೇರೆ ಲಾರಿಗೆ ಹೇರಬೇಕಲ್ಲ, ಹಾಗೆ. 4 ಕೆಬಿ ಬದಲಾವಣೆಗಾಗಿ ಒಳಗೆ ಅದರ ಎಷ್ಟೋ ಪಟ್ಟು ಬರೆಯುವ ಕೆಲಸ ನಡೆಯುತ್ತದೆ.

ಪ್ರತಿ ಬ್ಲಾಕ್ ಇಷ್ಟು ಸಲ ಅಳಿಸಿ ಬರೆದರೆ ಸವೆಯುತ್ತದೆ ಎಂಬ ಮಿತಿಯೂ ಇದೆ. ಚಿಪ್‌ನ ಒಂದು ಕೋಶದಲ್ಲಿ ಎಷ್ಟು ಬಿಟ್ ತುಂಬುತ್ತಾರೆ ಎಂಬುದರ ಮೇಲೆ ಅದು ನಿಂತಿದೆ. ಒಂದೇ ಬಿಟ್‌ನ ಹಳೆಯ ಎಸ್‌ಎಲ್‌ಸಿ ಚಿಪ್ ಸುಮಾರು 1 ಲಕ್ಷ ಸಲ ತಡೆಯುತ್ತಿತ್ತು. ಎರಡು ಬಿಟ್‌ನ ಎಂಎಲ್‌ಸಿ 3000ದಿಂದ 10,000. ಈಗ ಅಂಗಡಿಯಲ್ಲಿ ಸಿಗುವ ಬಹುತೇಕ ಕಾರ್ಡ್‌ಗಳಲ್ಲಿರುವ ಮೂರು ಬಿಟ್‌ನ ಟಿಎಲ್‌ಸಿಯದ್ದು ಅಂದಾಜು 1000ದಿಂದ 3000. ನಾಲ್ಕು ಬಿಟ್‌ನ ಕ್ಯೂಎಲ್‌ಸಿಯದ್ದು ಅದಕ್ಕಿಂತ ಕಡಿಮೆ. ಫ್ಲ್ಯಾಶ್ ಚಿಪ್ಪನ್ನು ನಡೆಸುವ ಒಳಗಿನ ಕಂಟ್ರೋಲರ್ ಈ ಸವೆತವನ್ನು ಎಲ್ಲ ಬ್ಲಾಕ್‌ಗಳಿಗೂ ಹಂಚಲು ನೋಡುತ್ತದೆ. ಅಗ್ಗದ ಕಾರ್ಡ್‌ಗಳಲ್ಲಿ ಈ ಹಂಚಿಕೆ ದುರ್ಬಲ.

ಫೈಲ್ ಸಿಸ್ಟಮ್ ಆಯುಷ್ಯಕ್ಕೆ ಕೈ ಹಾಕುವುದು ಇಲ್ಲೇ. ಎಷ್ಟು ಸಣ್ಣ ಸಣ್ಣ ಬರಹ, ಎಷ್ಟು ಬಾರಿ, ಎಷ್ಟು ಚದುರಿ ಚಿಪ್‌ಗೆ ಹೋಗಬೇಕು ಎಂಬುದನ್ನು ತೀರ್ಮಾನಿಸುವುದು ಅದು.

ಎಚ್ಚರಿಕೆ

ಗೋಡೆಯ ಮೇಲಿನ ಅಥವಾ ಕಂಬದ ಕ್ಯಾಮೆರಾದಿಂದ ಕಾರ್ಡ್ ತೆಗೆಯುವಾಗ ಎಂಸಿಬಿ ಇಳಿಸಿ, ಅಡಾಪ್ಟರ್ ಪ್ಲಗ್ ಕಿತ್ತ ಮೇಲೆಯೇ ಏಣಿ ಹತ್ತಿ; ಏಣಿ ಹಿಡಿಯಲು ಕೆಳಗೆ ಒಬ್ಬರಿರಲಿ. ಪವರ್ ಸಪ್ಲೈ ಬಾಕ್ಸ್ ಬಿಚ್ಚಬೇಡಿ. ಕರೆಂಟ್ ತೆಗೆದ ಮೇಲೂ ಅದರ ಕೆಪ್ಯಾಸಿಟರ್‌ನಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು. ಪೆನ್‌ಡ್ರೈವ್ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ಕೂಡಲೇ ಕೀಳಿ. ಒಳಗೆ ಶಾರ್ಟ್ ಆಗಿದೆ ಎಂದರ್ಥ, ಇನ್ನೊಂದು ಕಂಪ್ಯೂಟರ್‌ಗೆ ಚುಚ್ಚಿ ನೋಡಿದರೆ ಅದರ ಪೋರ್ಟ್ ಕೂಡ ಹೋಗಬಹುದು.

ಲಕ್ಷಣ: ಹಾಕಿದರೂ ಕಾಣುವುದಿಲ್ಲ, ಅಥವಾ ಬಂದು ಬಂದು ಹೋಗುತ್ತದೆ

ಖರ್ಚಿಲ್ಲದ ಪರೀಕ್ಷೆ ಮೊದಲು. ಬೇರೆ ಪೋರ್ಟ್, ಬೇರೆ ರೀಡರ್, ಸಾಧ್ಯವಾದರೆ ಬೇರೆ ಕಂಪ್ಯೂಟರ್. ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬಿಟ್ಟು ಹಿಂದಿನ ಪೋರ್ಟ್‌ಗೇ ಹಾಕಿ. ಮುಂದಿನದಕ್ಕೆ ಹೋಗುವ ಸಣ್ಣ ವೈರ್‌ನಲ್ಲಿ ವೋಲ್ಟೇಜ್ ಇಳಿದು ಹೀಗೆ ಬಂದು ಹೋಗುವುದು ಸಾಮಾನ್ಯ. ಮೈಕ್ರೋ ಎಸ್‌ಡಿಯನ್ನು ದೊಡ್ಡ ಎಸ್‌ಡಿ ಮಾಡುವ ಪ್ಲಾಸ್ಟಿಕ್ ಅಡಾಪ್ಟರ್ ಮೇಲೆ ಮೊದಲ ಅನುಮಾನವಿರಲಿ, ಅದನ್ನು ಬದಲಿಸಿದರೆ ಎಷ್ಟೋ "ಸತ್ತ" ಕಾರ್ಡ್‌ಗಳು ಎದ್ದು ಕೂರುತ್ತವೆ.

ನಂತರ ಕಾಂಟ್ಯಾಕ್ಟ್ ನೋಡಿ. ಮಿಲ್‌ನ ತೌಡು, ಹೊಟ್ಟಿನ ಪುಡಿ, ಗಣಿ ರಸ್ತೆಯ ಕೆಂಪು ಧೂಳು ಬೆವರಿನ ಜೊತೆ ಸೇರಿ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ತೆಳ್ಳನೆ ಪದರ ಕಟ್ಟುತ್ತದೆ. ಐಸೋಪ್ರೊಪೈಲ್ ಆಲ್ಕೊಹಾಲ್ ತುಸು ಹಚ್ಚಿದ ನೂಲು ಬಿಡದ ಬಟ್ಟೆಯಿಂದ ಒಂದೇ ದಿಕ್ಕಿನಲ್ಲಿ ಒರೆಸಿ, ಐದು ನಿಮಿಷ ಒಣಗಲು ಬಿಡಿ. ಬ್ಲೇಡ್, ಮರಳು ಕಾಗದ ಬೇಡ.

ಆಮೇಲೂ ಕಾಣದಿದ್ದರೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಸರಿಯಾದ ಗಾತ್ರ ತೋರಿಸಿ ಡ್ರೈವ್ ಅಕ್ಷರ ಮಾತ್ರ ಇಲ್ಲದಿದ್ದರೆ ಅಕ್ಷರ ಕೊಟ್ಟರೆ ಮುಗಿಯಿತು. ಸರಿಯಾದ ಗಾತ್ರ ಇದ್ದು "ರಾ" (ಫೈಲ್ ಸಿಸ್ಟಮ್ ಗುರುತು ಸಿಗುತ್ತಿಲ್ಲ) ಎಂದಿದ್ದರೆ ಮುಂದಿನ ಲಕ್ಷಣಕ್ಕೆ ಹೋಗಿ. "ನೋ ಮೀಡಿಯಾ" ಎಂದೋ, 64 ಜಿಬಿ ಕಾರ್ಡಿಗೆ ಕೆಲವೇ ಎಂಬಿ ಎಂದೋ ತೋರಿಸಿದರೆ ಕಂಟ್ರೋಲರ್ ಚಿಪ್‌ಗೆ ತನ್ನದೇ ಫ್ಲ್ಯಾಶ್ ಸಿಗುತ್ತಿಲ್ಲ. ಇದು ಮನೆಯಲ್ಲಿ ಸರಿಯಾಗುವುದಿಲ್ಲ. ಡೇಟಾ ಬೇಕೇಬೇಕೆಂದರೆ ಚಿಪ್ ಮಟ್ಟದಲ್ಲಿ ಕೆಲಸ ಮಾಡುವ ಡೇಟಾ ರಿಕವರಿ ಲ್ಯಾಬ್‌ಗೆ ಕೊಡಬೇಕು. ಬೇಡವೆಂದರೆ ಕಾರ್ಡನ್ನು ಅಲ್ಲಿಗೇ ಬಿಡಿ.

ಲಕ್ಷಣ: "ಬಳಸುವ ಮುನ್ನ ಫಾರ್ಮ್ಯಾಟ್ ಮಾಡಿ" ಎಂದು ಕೇಳುತ್ತದೆ

ಕ್ಯಾನ್ಸಲ್ ಒತ್ತಿ. ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಅದು ಇದೇ ಆಗಲಿ. ವಿಂಡೋಸ್ ಹೇಳುತ್ತಿರುವುದು "ಈ ಪುಸ್ತಕ ನನಗೆ ಓದಲು ಬರುತ್ತಿಲ್ಲ" ಎಂದಷ್ಟೇ, "ಒಳಗೆ ಏನೂ ಇಲ್ಲ" ಎಂದಲ್ಲ.

ಕಾರ್ಡ್ ಪೂರ್ತಿ ಆರೋಗ್ಯವಾಗಿದ್ದರೂ ಈ ಸಂದೇಶ ಬರುವ ಸಂದರ್ಭಗಳಿವೆ. ಕೆಲವು ಸಿಸಿ ಕ್ಯಾಮೆರಾಗಳು ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ನಲ್ಲಿ ಬರೆಯುತ್ತವೆ, ವಿಂಡೋಸ್‌ಗೆ ಅದು ತಿಳಿಯುವುದಿಲ್ಲ. ಅಂಥ ಕಾರ್ಡನ್ನು ಕ್ಯಾಮೆರಾದ ಆ್ಯಪ್‌ನಿಂದಲೇ ನೋಡಬೇಕು ಅಥವಾ ಲಿನಕ್ಸ್ ಕಂಪ್ಯೂಟರ್‌ಗೆ ಹಾಕಬೇಕು. ಇನ್ನೊಂದು, ಆಂಡ್ರಾಯ್ಡ್ ಫೋನ್‌ನಲ್ಲಿ ಕಾರ್ಡ್ ಹಾಕಿದಾಗ "ಇಂಟರ್ನಲ್ ಸ್ಟೋರೇಜ್ ಆಗಿ ಬಳಸಿ" ಎಂದು ಒಪ್ಪಿಕೊಂಡಿದ್ದರೆ, ಫೋನ್ ಆ ಕಾರ್ಡನ್ನು ಗೂಢಲಿಪಿಯಲ್ಲಿ ಬರೆಯುತ್ತದೆ. ಆಂಡ್ರಾಯ್ಡ್ 6ರಿಂದ ಬಂದ ಸೌಲಭ್ಯ ಇದು. ಅದರ ಕೀಲಿ ಆ ಫೋನ್ ಒಳಗೇ ಇರುತ್ತದೆ. ಬೇರೆ ಎಲ್ಲಿ ಹಾಕಿದರೂ ಓದುವುದಿಲ್ಲ, ಫೋನ್ ರೀಸೆಟ್ ಮಾಡಿದರೆ ಡೇಟಾ ಶಾಶ್ವತವಾಗಿ ಹೋಯಿತು. ಹಾಗಾಗಿ ಕಾರ್ಡ್ ಮೊದಲು ಯಾವ ಸಾಧನದಲ್ಲಿತ್ತು ಎಂದು ವಿಚಾರಿಸಿ, ಮರಳಿ ಅದಕ್ಕೇ ಹಾಕಿ ನೋಡಿ.

ನಿಜವಾಗಿಯೂ ಫೈಲ್ ಸಿಸ್ಟಮ್ ಕೆಟ್ಟಿದ್ದರೆ ಕ್ರಮ ಹೀಗಿರಲಿ. ಮೊದಲು ಕಾರ್ಡಿನ ಪೂರ್ತಿ ಪ್ರತಿ ತೆಗೆಯಬೇಕು. ಲಿನಕ್ಸ್‌ನ ಡಿಡಿರೆಸ್ಕ್ಯೂ ಇದಕ್ಕೆ ಉತ್ತಮ. ಸುಲಭವಾಗಿ ಬರುವ ಭಾಗವನ್ನು ಮೊದಲು ಓದಿ, ಕಷ್ಟದ ಭಾಗಕ್ಕೆ ಕೊನೆಯಲ್ಲಿ ಬರುತ್ತದೆ. ಎಲ್ಲಿಯವರೆಗೆ ಆಯಿತೆಂದು ಮ್ಯಾಪ್ ಫೈಲ್‌ನಲ್ಲಿ ಗುರುತಿಡುವುದರಿಂದ ನಡುವೆ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. 64 ಜಿಬಿ ಕಾರ್ಡಿಗೆ ಹಾರ್ಡ್‌ಡಿಸ್ಕ್‌ನಲ್ಲಿ 64 ಜಿಬಿಗಿಂತ ಹೆಚ್ಚು ಖಾಲಿ ಜಾಗ ಬೇಕು. ಆಮೇಲಿನ ಕೆಲಸವೆಲ್ಲ ಈ ಪ್ರತಿಯ ಮೇಲೆಯೇ. ಟೆಸ್ಟ್‌ಡಿಸ್ಕ್ ಕಳೆದುಹೋದ ಪಾರ್ಟಿಶನ್, ಬೂಟ್ ಸೆಕ್ಟರ್ ಹುಡುಕಿಕೊಡುತ್ತದೆ. ಅದರಿಂದ ಆಗದಿದ್ದರೆ ಫೋಟೊರೆಕ್. ಅದು ಫೈಲ್ ಸಿಸ್ಟಮನ್ನು ಬದಿಗಿಟ್ಟು ಫೋಟೊ, ವಿಡಿಯೊಗಳ ಆರಂಭದ ಗುರುತು ಹಿಡಿದು ಎತ್ತುತ್ತದೆ. ಹೆಸರು, ಫೋಲ್ಡರ್ ಬರುವುದಿಲ್ಲ, ಚಿತ್ರ ಬರುತ್ತದೆ. ಎರಡೂ ಉಚಿತ. ಎತ್ತಿದ ಫೈಲ್‌ಗಳನ್ನು ಅದೇ ಕಾರ್ಡಿಗೆ ಎಂದೂ ಬರೆಯಬೇಡಿ.

ಪ್ರತಿ ತೆಗೆಯುವಾಗ ಓದುವ ದೋಷ ಒಂದೂ ಬರದಿದ್ದರೆ ಚಿಪ್ ಗಟ್ಟಿಯಾಗಿಯೇ ಇರುವ ಸಾಧ್ಯತೆ ಹೆಚ್ಚು. ಡೇಟಾ ಕೈಸೇರಿದ ಮೇಲೆ ಫಾರ್ಮ್ಯಾಟ್ ಮಾಡಿ ಬಳಸಬಹುದು. ಅಲ್ಲಲ್ಲಿ ಓದಲಾಗದ ತುಂಡುಗಳು ಬಂದರೆ ಕಾರ್ಡ್ ಸವೆದಿದೆ. ಮದುವೆಯ ಫೋಟೊದಂಥ ಮತ್ತೆ ಸಿಗದ ವಸ್ತು ಒಳಗಿದ್ದು, ಡಿಡಿರೆಸ್ಕ್ಯೂ ಗಂಟೆಗಟ್ಟಲೆ ಒಂದೇ ಕಡೆ ನಿಂತರೆ ನಿಲ್ಲಿಸಿ, ಲ್ಯಾಬ್‌ಗೆ ಕೊಡಿ.

ಲಕ್ಷಣ: ಕರೆಂಟ್ ಹೋಗಿ ಬಂದ ಮೇಲೆ ಫೈಲ್ ಗಾತ್ರ ಸೊನ್ನೆ, ಹೆಸರು ಅಡ್ಡಾದಿಡ್ಡಿ

ಚಿಪ್ ದೋಷವಲ್ಲ, ಬರೆಯುವಾಗ ಅರ್ಧಕ್ಕೇ ನಿಂತ ಲೆಕ್ಕ. ಕಾರ್ಡ್, ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಎಂಬ ಫೈಲ್ ಸಿಸ್ಟಮ್. ಫ್ಯಾಟ್32ನಲ್ಲಿ ಒಂದು ಫೈಲ್ ಬೆಳೆದಾಗ ಮೂರು ಕಡೆ ಬರೆಯಬೇಕು: ಡೇಟಾ, ಹಂಚಿಕೆಯ ಪಟ್ಟಿ, ಫೋಲ್ಡರ್‌ನಲ್ಲಿನ ಗಾತ್ರ ಮತ್ತು ಸಮಯ. ನಡುವೆ ಕರೆಂಟ್ ಹೋದರೆ ಮೂರೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ಅರ್ಧಕ್ಕೆ ನಿಂತ ಕೆಲಸವನ್ನು ನೆನಪಿಟ್ಟುಕೊಳ್ಳುವ ಜರ್ನಲ್ ಫ್ಯಾಟ್32ಗೂ ಇಲ್ಲ, ಎಕ್ಸ್‌ಫ್ಯಾಟ್‌ಗೂ ಇಲ್ಲ. ಫ್ಯಾಟ್32 ಹಂಚಿಕೆ ಪಟ್ಟಿಯ ಎರಡು ಪ್ರತಿ ಇಡುತ್ತದೆ. ಎಕ್ಸ್‌ಫ್ಯಾಟ್‌ನಲ್ಲಿ ಸಾಮಾನ್ಯವಾಗಿ ಒಂದೇ. ಆದ್ದರಿಂದ ಎಕ್ಸ್‌ಫ್ಯಾಟ್ ಕಡಿಮೆ ಬರೆಯುತ್ತದೆ, ಅಷ್ಟರ ಮಟ್ಟಿಗೆ ಚಿಪ್‌ಗೆ ಒಳ್ಳೆಯದು. ಆದರೆ ಪೆಟ್ಟು ಬಿದ್ದಾಗ ಚೇತರಿಕೆ ಕಷ್ಟ.

ಬೇಕಾದ ಫೈಲ್‌ಗಳನ್ನು ನಕಲು ಮಾಡಿಕೊಂಡ ಮೇಲೆ ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಟೂಲ್ಸ್, ಚೆಕ್ ಒತ್ತಿ. ಅನಾಥವಾದ ತುಂಡುಗಳು "ಫೌಂಡ್" ಎಂದು ಶುರುವಾಗುವ ಫೋಲ್ಡರ್‌ನಲ್ಲಿ ಬಂದು ಕೂರುತ್ತವೆ. ನಕಲು ಮಾಡದೆ ಚೆಕ್ ಓಡಿಸಬೇಡಿ: ಅದರ ಗುರಿ ಪುಸ್ತಕದ ಲೆಕ್ಕ ಸರಿಮಾಡುವುದು, ನಿಮ್ಮ ಫೈಲ್ ಉಳಿಸುವುದಲ್ಲ. ತಾಳೆಯಾಗದ ಫೈಲನ್ನು ಅದು ಕತ್ತರಿಸಿಯೂ ಹಾಕಬಹುದು.

ಒಂದು ಸಲ ಸರಿಮಾಡಿದ ಮೇಲೆ ತಿಂಗಳುಗಟ್ಟಲೆ ಚೆನ್ನಾಗಿದ್ದರೆ ಕರೆಂಟೇ ಕಾರಣ. ಕರೆಂಟ್ ಹೋಗದೆಯೂ ವಾರದೊಳಗೆ ಮರುಕಳಿಸಿದರೆ ಚಿಪ್ ಮೇಲೆ ಅನುಮಾನ ಪಡಿ.

ಲಕ್ಷಣ: ಕ್ಯಾಮೆರಾ ರೆಕಾರ್ಡಿಂಗ್‌ನಲ್ಲಿ ನಡುನಡುವೆ ಖಾಲಿ

ನಮ್ಮ ಭಾಗದಲ್ಲಿ ಅತಿ ಹೆಚ್ಚು ಕಾರ್ಡ್ ತಿನ್ನುವುದು ಇದೇ, ಆದ್ದರಿಂದ ಲೆಕ್ಕ ಬಿಡಿಸಿಯೇ ನೋಡಬೇಕು.

ಕ್ಯಾಮೆರಾ 4 ಎಂಬಿಪಿಎಸ್ (ಸೆಕೆಂಡಿಗೆ 4 ಮೆಗಾಬಿಟ್, 8 ಬಿಟ್‌ಗೆ ಒಂದು ಬೈಟ್) ಬಿಟ್‌ರೇಟ್‌ನಲ್ಲಿ ಇಡೀ ದಿನ ಬರೆಯುತ್ತಿದೆ ಎನ್ನಿ. ಸೆಕೆಂಡಿಗೆ ಅರ್ಧ ಮೆಗಾಬೈಟ್, ದಿನಕ್ಕೆ 43.2 ಜಿಬಿ. 64 ಜಿಬಿ ಕಾರ್ಡ್ ಒಂದೂವರೆ ದಿನಕ್ಕೆ ತುಂಬಿ ಮತ್ತೆ ಮೊದಲಿನಿಂದ ಬರೆಯಲು ಶುರು. ವರ್ಷಕ್ಕೆ ಸುಮಾರು 246 ಸುತ್ತು. ಚಿಪ್‌ನ ಮಿತಿ 1000 ಎಂದೂ, ಒಳಗಿನ ಹೆಚ್ಚುವರಿ ಬರಹ ಮೂರು ಪಟ್ಟು ಎಂದೂ ಹಿಡಿದರೆ ಆಯುಷ್ಯ 16 ತಿಂಗಳು. ಅದೇ ಲೆಕ್ಕದಲ್ಲಿ 32 ಜಿಬಿ ಕಾರ್ಡಿಗೆ 8 ತಿಂಗಳು, 128 ಜಿಬಿಗೆ 32 ತಿಂಗಳು. ದೊಡ್ಡ ಕಾರ್ಡ್ ಕೊಳ್ಳುವುದು ಹೆಚ್ಚು ದಿನದ ರೆಕಾರ್ಡಿಂಗ್‌ಗೆ ಮಾತ್ರವಲ್ಲ, ಕಾರ್ಡಿನ ಬಾಳಿಕೆಗೂ.

ಪರೀಕ್ಷೆ ಹೀಗೆ ಮಾಡಿ. ಖಾಲಿ ಬಿದ್ದ ಸಮಯಗಳನ್ನು ಬರೆದಿಟ್ಟು ಕರೆಂಟ್ ಹೋದ ಸಮಯಕ್ಕೆ ಹೋಲಿಸಿ. ಹೊಂದಿದರೆ ಕ್ಯಾಮೆರಾ ಮತ್ತು ರೂಟರ್‌ಗೆ ಸಣ್ಣ ಡಿಸಿ ಯುಪಿಎಸ್ ಸಾಕು. ಮಧ್ಯಾಹ್ನ 1ರಿಂದ 4ರ ನಡುವೆಯೇ ಖಾಲಿ ಬೀಳುತ್ತಿದ್ದರೆ ಬಿಸಿಲು ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯ ತಾಪ 40 ಡಿಗ್ರಿ ದಾಟುತ್ತದೆ. ತಗಡಿನ ಶೆಡ್ ಕೆಳಗೆ, ನೇರ ಬಿಸಿಲಿನ ಕ್ಯಾಮೆರಾ ಡಬ್ಬಿಯೊಳಗೆ ಅದಕ್ಕಿಂತ ಬಹಳ ಹೆಚ್ಚು. ಎಸ್‌ಡಿ ಕಾರ್ಡ್‌ನ ಮೇಲಿನ ಮಿತಿ 85 ಡಿಗ್ರಿ, ಆದರೆ ಕ್ಯಾಮೆರಾ ಅದಕ್ಕೂ ಮೊದಲೇ ಸೋಲಬಹುದು. ನೆರಳಿನ ತಗಡು ಕಟ್ಟಿ, ಸ್ಥಳ ಬದಲಿಸಿ. ಲಾರಿಯ ಡ್ಯಾಶ್‌ಕ್ಯಾಮ್‌ಗೆ ಇದು ಇನ್ನೂ ಮುಖ್ಯ: ನಿಲ್ಲಿಸಿದ ಲಾರಿಯ ಮುಂದಿನ ಗಾಜಿನ ಹಿಂದೆ ಬಿಸಿ ಹೊರಹೋಗಲು ದಾರಿಯೇ ಇಲ್ಲ.

ಖಾಲಿ ಎಲ್ಲೆಂದರಲ್ಲಿ ಬೀಳುತ್ತಿದ್ದು, ಕಾರ್ಡ್‌ಗೆ ವರ್ಷ ದಾಟಿದ್ದರೆ ಸವೆತ. ಬದಲಿಸುವಾಗ "ಹೈ ಎಂಡ್ಯೂರೆನ್ಸ್" ಎಂದು ನಮೂದಿಸಿರುವುದನ್ನೇ ಕೊಳ್ಳಿ. ಎಷ್ಟು ಗಂಟೆ ರೆಕಾರ್ಡಿಂಗ್‌ಗೆ ಖಾತರಿ ಎಂದು ಕಂಪನಿ ಬರೆದಿರುತ್ತದೆ. ಕ್ಯಾಮೆರಾದಲ್ಲಿ ವಿಡಿಯೊವನ್ನು ಹೆಚ್ಚು ಕುಗ್ಗಿಸುವ ಎಚ್.265 ಇದ್ದರೆ ಆರಿಸಿ, ಬಿಟ್‌ರೇಟ್ 2 ಎಂಬಿಪಿಎಸ್‌ಗೆ ಇಳಿಸಿ. ಬರಹ ಅರ್ಧವಾಗುತ್ತದೆ, ಆಯುಷ್ಯ ಇಮ್ಮಡಿ. ಚಲನೆ ಕಂಡಾಗ ಮಾತ್ರ ರೆಕಾರ್ಡ್ ಮಾಡುವ ಆಯ್ಕೆ ಗೋದಾಮಿಗೆ ಒಳ್ಳೆಯದು, ಮಿಲ್ ಅಂಗಳಕ್ಕೆ ಅಷ್ಟು ಉಪಯೋಗವಿಲ್ಲ: ಹಾರುವ ಹೊಟ್ಟು, ರಾತ್ರಿ ಇನ್‌ಫ್ರಾರೆಡ್ ದೀಪಕ್ಕೆ ಮುತ್ತುವ ಹುಳುಗಳನ್ನು ಕಂಡು ಕ್ಯಾಮೆರಾ ನೂರಾರು ಚಿಕ್ಕ ಕ್ಲಿಪ್ ಮಾಡುತ್ತದೆ. ಪ್ರತಿ ಕ್ಲಿಪ್‌ಗೂ ಹೊಸ ಫೈಲ್, ಪಟ್ಟಿಯಲ್ಲಿ ಹೊಸ ನಮೂದು, ಮತ್ತೆ ಸಣ್ಣ ಬರಹದ ಸುರಿಮಳೆ.

ಲಕ್ಷಣ: ಅಳಿಸಿದ ಫೈಲ್ ಮತ್ತೆ ಪ್ರತ್ಯಕ್ಷ, ಅಥವಾ "ರೈಟ್ ಪ್ರೊಟೆಕ್ಟೆಡ್"

ದೊಡ್ಡ ಎಸ್‌ಡಿ ಅಥವಾ ಅಡಾಪ್ಟರ್‌ನ ಎಡಬದಿಯ ಪುಟ್ಟ ಲಾಕ್ ಗುಂಡಿ ಮೇಲಿದೆಯೇ, ಅಂದರೆ ಲಾಕ್ ತೆರೆದಿದೆಯೇ ನೋಡಿ. ಸಡಿಲವಾಗಿ ತಾನೇ ಜಾರುತ್ತಿದ್ದರೆ ಅಡಾಪ್ಟರ್ ಬದಲಿಸಿ. ಲಿನಕ್ಸ್‌ನಲ್ಲಿ ದೋಷ ಕಂಡ ಕೂಡಲೇ ಫೈಲ್ ಸಿಸ್ಟಮನ್ನು ಓದಲು ಮಾತ್ರ ಬಿಡುವ ಕ್ರಮವಿದೆ, ರಿಪೇರಿ ಮಾಡಿದರೆ ಸರಿಹೋಗುತ್ತದೆ.

ಲಾಕ್ ತೆರೆದಿದ್ದೂ, ಫೈಲ್ ಅಳಿಸಿ ಕಾರ್ಡ್ ಕಿತ್ತು ಹಾಕಿದರೆ ಅಳಿಸಿದ್ದೆಲ್ಲ ಮರಳಿ ಬಂದಿದ್ದರೆ, ಫಾರ್ಮ್ಯಾಟ್ "ಯಶಸ್ವಿ" ಎಂದ ಮೇಲೂ ಹಳೆಯ ಫೋಟೊಗಳು ಹಾಗೇ ಇದ್ದರೆ, ಕಾರ್ಡ್ ಮುಗಿದಿದೆ. ಸವೆದವುಗಳ ಜಾಗಕ್ಕೆಂದು ಮೀಸಲಿಟ್ಟ ಬದಲಿ ಬ್ಲಾಕ್‌ಗಳು ಖರ್ಚಾದ ಮೇಲೆ ಕಂಟ್ರೋಲರ್ ಬರೆಯುವುದನ್ನೇ ನಿಲ್ಲಿಸಿ, ಇದ್ದುದನ್ನು ಓದಲು ಬಿಡುತ್ತದೆ. ಆ ಅವಕಾಶ ಇರುವಾಗಲೇ ಎಲ್ಲವನ್ನೂ ನಕಲು ಮಾಡಿಕೊಳ್ಳಿ. ರೈಟ್ ಪ್ರೊಟೆಕ್ಷನ್ ತೆಗೆಯುತ್ತೇವೆ ಎಂಬ ಸಾಫ್ಟ್‌ವೇರ್‌ಗಳಿಗೆ ದುಡ್ಡು ಕೊಡಬೇಡಿ, ಸವೆದ ಚಿಪ್ಪನ್ನು ಯಾವ ಸಾಫ್ಟ್‌ವೇರೂ ಹೊಸದು ಮಾಡಲಾರದು.

ಲಕ್ಷಣ: ಅರ್ಧ ತುಂಬುವವರೆಗೆ ಸರಿ, ಆಮೇಲಿನ ವಿಡಿಯೊ ಓಡುವುದಿಲ್ಲ

ನಕಲಿ ಗಾತ್ರದ ಕಾರ್ಡ್ ಇರಬಹುದು. ಒಳಗೆ 16 ಜಿಬಿ ಚಿಪ್, ಮೇಲೆ 128 ಎಂಬ ಅಚ್ಚು. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಪೂರ್ತಿ ತುಂಬಿಸಿ ಮರಳಿ ಓದಿ ತಾಳೆ ನೋಡುತ್ತವೆ. ಕಾರ್ಡ್ ಕೊಂಡ ದಿನವೇ, ಖಾಲಿ ಇರುವಾಗಲೇ ಒಮ್ಮೆ ಓಡಿಸಿ, ಬಿಲ್ ಇಟ್ಟುಕೊಳ್ಳಿ. ಸುಳ್ಳೆಂದು ತೋರಿದರೆ ಅಂಗಡಿಗೆ ಹಿಂದಿರುಗಿಸಿ.

ಲಕ್ಷಣ: ಬರಹ ವಿಪರೀತ ನಿಧಾನ

ದೊಡ್ಡ ವಿಡಿಯೊ ಒಂದು, ಚಿಕ್ಕ ಫೈಲ್‌ಗಳ ಫೋಲ್ಡರ್ ಒಂದು, ಎರಡನ್ನೂ ಬೇರೆ ಬೇರೆ ನಕಲು ಮಾಡಿ. ಚಿಕ್ಕವು ಮಾತ್ರ ತೆವಳಿದರೆ ದೋಷವಲ್ಲ, ಪ್ರತಿ ಫೈಲ್‌ಗೂ ಪಟ್ಟಿ ತಿದ್ದುವ ಭಾರ. ಜಿಪ್ ಮಾಡಿ ಕಳಿಸಿ. ದೊಡ್ಡದು ಮೊದಲ ಕೆಲವು ಜಿಬಿ ವೇಗವಾಗಿ ಹೋಗಿ ಆಮೇಲೆ ಕುಸಿದರೆ ಒಳಗಿನ ವೇಗದ ಕ್ಯಾಶ್ ತುಂಬಿದೆ, ಅದೂ ಸಹಜ.

ಎರಡೂ ನಿಧಾನವಾಗಿದ್ದರೆ ಖಾಲಿ ಜಾಗ ನೋಡಿ. ಹೆಚ್ಚುಕಡಿಮೆ ತುಂಬಿದ ಕಾರ್ಡ್‌ನಲ್ಲಿ ಕಂಟ್ರೋಲರ್‌ಗೆ ಕೈಯಾಡಿಸಲು ಸ್ಥಳವಿರದೆ ಒಂದೇ ಡೇಟಾವನ್ನು ಪದೇಪದೇ ಸರಿಸುತ್ತದೆ. ವೇಗವೂ ಹೋಗುತ್ತದೆ, ಆಯುಷ್ಯವೂ. ಹತ್ತರಲ್ಲಿ ಒಂದೆರಡು ಪಾಲು ಸದಾ ಖಾಲಿ ಇರಲಿ. ಡೇಟಾ ಬೇರೆಡೆ ಇಟ್ಟು, ಎಸ್‌ಡಿ ಅಸೋಸಿಯೇಷನ್‌ನ ಉಚಿತ ಎಸ್‌ಡಿ ಮೆಮೊರಿ ಕಾರ್ಡ್ ಫಾರ್ಮ್ಯಾಟರ್‌ನಿಂದ ಕ್ವಿಕ್ ಫಾರ್ಮ್ಯಾಟ್ ಮಾಡಿ. ಅದು ಪಾರ್ಟಿಶನ್‌ನ ಆರಂಭವನ್ನು ಚಿಪ್‌ನ ಬ್ಲಾಕ್ ಗಡಿಗೆ ಹೊಂದಿಸುತ್ತದೆ, 32 ಜಿಬಿವರೆಗೆ ಫ್ಯಾಟ್32, ಮೇಲಿನದಕ್ಕೆ ಎಕ್ಸ್‌ಫ್ಯಾಟ್ ಕೊಡುತ್ತದೆ. ಗಡಿ ತಪ್ಪಿದರೆ ಒಂದು ಬರಹಕ್ಕೆ ಎರಡು ಬ್ಲಾಕ್ ಮುಟ್ಟಬೇಕಾಗುತ್ತದೆ. ಡಿಫ್ರಾಗ್ (ಚದುರಿದ ಫೈಲ್ ತುಂಡುಗಳನ್ನು ಒಟ್ಟು ಜೋಡಿಸುವುದು) ಮಾಡಬೇಡಿ, ಫ್ಲ್ಯಾಶ್‌ನಲ್ಲಿ ಅದರಿಂದ ಲಾಭ ಕಡಿಮೆ, ಸವೆತ ಮಾತ್ರ ಖಚಿತ.

ಲಕ್ಷಣ: ಪೆನ್‌ಡ್ರೈವ್‌ನಿಂದಲೇ ಓಡುವ ಬಿಲ್ಲಿಂಗ್, ಅಥವಾ ಕಾರ್ಡ್‌ನಿಂದ ಬೂಟ್ ಆಗುವ ಪುಟ್ಟ ಕಂಪ್ಯೂಟರ್ ಪದೇಪದೇ ಕೈಕೊಡುತ್ತದೆ

ಲೆಕ್ಕದ ಡೇಟಾವನ್ನು ಪೆನ್‌ಡ್ರೈವ್‌ನಲ್ಲೇ ಇಟ್ಟು ಕೆಲಸ ಮಾಡುವ ಅಭ್ಯಾಸ ಬಿಡಿ. ಪ್ರತಿ ವೋಚರ್‌ಗೂ ಹಲವು ಸಣ್ಣ ಬರಹ. ಡೇಟಾ ಕಂಪ್ಯೂಟರ್‌ನ ಡಿಸ್ಕ್‌ನಲ್ಲಿರಲಿ, ಸಂಜೆ ಒಮ್ಮೆ ಪೆನ್‌ಡ್ರೈವ್‌ಗೆ ಬ್ಯಾಕಪ್ ತೆಗೆಯಿರಿ, ಎರಡು ಪೆನ್‌ಡ್ರೈವ್ ಸರದಿಯಲ್ಲಿ ಬಳಸಿ.

ರಾಸ್ಪ್‌ಬೆರಿ ಪೈಯಂಥ ಸಾಧನದಲ್ಲಿ ಇಎಕ್ಸ್‌ಟಿ4 ಇರುತ್ತದೆ, ಡೀಫಾಲ್ಟ್ ಆಗಿ 5 ಸೆಕೆಂಡಿಗೊಮ್ಮೆ ಜರ್ನಲ್ ಬರೆಯುತ್ತದೆ. ಮೌಂಟ್ ಆಯ್ಕೆಗಳಲ್ಲಿ "ನೋಎಟೈಮ್" ಸೇರಿಸಿ (ಫೈಲ್ ಓದಿದಾಗಲೆಲ್ಲ ಸಮಯ ಬರೆಯುವುದು ನಿಲ್ಲುತ್ತದೆ), ಜರ್ನಲ್ ಬರೆಯುವ ಈ ಕಮಿಟ್ ಅವಧಿಯನ್ನು 60 ಸೆಕೆಂಡಿಗೆ ಏರಿಸಿ, ಲಾಗ್‌ಗಳನ್ನು ರ್‍ಯಾಮ್‌ಗೆ ಹಾಕಿ. ಕಮಿಟ್ ಏರಿಸಿದರೆ ಕರೆಂಟ್ ಹೋದಾಗ ಕೊನೆಯ ಒಂದು ನಿಮಿಷದ ಕೆಲಸ ಹೋಗಬಹುದು ಎಂಬುದು ತಿಳಿದಿರಲಿ. ಆಯುಷ್ಯ ಹೆಚ್ಚಿಸಲು ಜರ್ನಲ್ಲನ್ನೇ ತೆಗೆದುಹಾಕಿ ಎಂಬ ಸಲಹೆ ಅಲ್ಲಲ್ಲಿ ಸಿಗುತ್ತದೆ. ಕರೆಂಟ್ ಆಗಾಗ ಕೈಕೊಡುವ ನಮ್ಮ ಊರುಗಳಲ್ಲಿ ಆ ಸಲಹೆ ಪಾಲಿಸಬೇಡಿ. ಉಳಿಯುವ ಬರಹ ಸ್ವಲ್ಪ, ಕಳೆಯುವ ಡೇಟಾ ಬಹಳ. ಫ್ಲ್ಯಾಶ್‌ಗೆಂದೇ ಸ್ಯಾಮ್‌ಸಂಗ್ ರೂಪಿಸಿ, 2013ರ ಲಿನಕ್ಸ್ 3.8ರಿಂದ ಕರ್ನಲ್‌ನಲ್ಲಿರುವ ಎಫ್2ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಚದುರಿದ ಬರಹಗಳನ್ನು ಒಟ್ಟುಗೂಡಿಸಿ ಸಾಲಾಗಿ ಬರೆಯುತ್ತದೆ. ಅನುಭವವಿದ್ದವರು ಬಳಸಬಹುದು. ಆದರೆ ಅದರ ರಿಪೇರಿ ಉಪಕರಣಗಳು ಇಎಕ್ಸ್‌ಟಿ4ನವುಗಳಷ್ಟು ಪಳಗಿಲ್ಲ.

ಎಸ್‌ಎಸ್‌ಡಿ ಮತ್ತು ಫೋನ್ ಒಳಗಿನ ಚಿಪ್

ಇವು ತಮ್ಮ ಸವೆತವನ್ನು ತಾವೇ ಹೇಳುತ್ತವೆ. ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿ ಕೊಡುವ ಆರೋಗ್ಯ ವರದಿಯಲ್ಲಿ (ಸ್ಮಾರ್ಟ್) "ಪರ್ಸೆಂಟೇಜ್ ಯೂಸ್ಡ್" ನೋಡಿ. 100 ದಾಟಿದರೆ ಕೂಡಲೇ ಸಾಯುವುದಿಲ್ಲ, ಆದರೆ ಬದಲಿಸುವ ಸಮಯ. ಫೋನ್‌ಗಳಲ್ಲಿರುವ ಇಎಂಎಂಸಿ ಚಿಪ್‌ನಲ್ಲಿ ಆಯುಷ್ಯದ ಅಂದಾಜು ಹತ್ತು ಹಂತಗಳಲ್ಲಿ ಬರುತ್ತದೆ, ಹನ್ನೊಂದನೆಯದು ಬಂದರೆ ಅಂದಾಜು ಮೀರಿದೆ. ಸಾಮಾನ್ಯ ಎಸ್‌ಡಿ ಕಾರ್ಡ್‌ಗಳಲ್ಲಿ ಈ ವರದಿ ಸಿಗುವುದಿಲ್ಲ, ಅದಕ್ಕೇ ಮೇಲಿನ ಲಕ್ಷಣಗಳನ್ನು ನಂಬಬೇಕು.

ಸವೆದ ಎಸ್‌ಎಸ್‌ಡಿಯನ್ನು ಬ್ಯಾಕಪ್ ಎಂದು ಬೀರುವಿನಲ್ಲಿ ಇಡಬೇಡಿ. ಆಯುಷ್ಯ ಮುಗಿದ ಮನೆ ಬಳಕೆಯ ಎಸ್‌ಎಸ್‌ಡಿ ಕರೆಂಟಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಹಿಡಿದಿಡಬೇಕು ಎಂಬುದು ಚಿಪ್ ಉದ್ಯಮದ ಮಾನದಂಡ ಸಂಸ್ಥೆ ಜೆಡೆಕ್‌ನ ನಿಯಮ. ತಾಪ ಏರಿದಂತೆ ಆ ಅವಧಿ ಇಳಿಯುತ್ತದೆ, ನಮ್ಮ ಬೇಸಿಗೆಯ ಕೋಣೆ 30ರಲ್ಲಿ ನಿಲ್ಲುವುದಿಲ್ಲ. ದೀರ್ಘಕಾಲದ ಪ್ರತಿಗೆ ಹಾರ್ಡ್‌ಡಿಸ್ಕ್ ಬಳಸಿ.

ಕೆಟ್ಟ ಕಾರ್ಡ್ ಎಸೆಯುವ ಮುನ್ನ

ಬರೆಯಲು ಬಾರದ ಕಾರ್ಡ್‌ನಿಂದ ಏನನ್ನೂ ಅಳಿಸಲಾಗದು, ಓದಲು ಮಾತ್ರ ಯಾರಿಗಾದರೂ ಬರುತ್ತದೆ. ಸರಿಯಿರುವ ಕಾರ್ಡ್‌ನಲ್ಲೂ ಕ್ವಿಕ್ ಫಾರ್ಮ್ಯಾಟ್ ಪಟ್ಟಿಯನ್ನಷ್ಟೇ ಅಳಿಸುತ್ತದೆ. ಗ್ರಾಹಕರ ಲೆಕ್ಕವೋ ಮನೆಯ ಫೋಟೊವೋ ಇದ್ದರೆ, ಕಣ್ಣಿಗೆ ಕನ್ನಡಕ ಹಾಕಿ, ಬಟ್ಟೆಯಲ್ಲಿ ಸುತ್ತಿ ಗಟ್ಟಿ ಕತ್ತರಿಯಿಂದ ಮೂರ್ನಾಲ್ಕು ತುಂಡು ಮಾಡಿ. ಮೈಕ್ರೋ ಎಸ್‌ಡಿಯಲ್ಲಿ ಚಿಪ್ ಹೆಚ್ಚುಕಡಿಮೆ ಇಡೀ ಕಾರ್ಡನ್ನು ಆವರಿಸಿರುತ್ತದೆ, ಪೆನ್‌ಡ್ರೈವ್‌ನಲ್ಲಿ ದೊಡ್ಡ ಕಪ್ಪು ಚಿಪ್ಪನ್ನೇ ಒಡೆಯಬೇಕು. ಸುಡಬೇಡಿ, ಹೊಗೆ ವಿಷ. ತುಂಡುಗಳು ಇ-ತ್ಯಾಜ್ಯದ ಡಬ್ಬಿಗೆ.